ಹಿತ್ತಲಿಗೆ ಮುಯ್ಯಾಳು ಕರೆಯುವುದು: ಪುಣೆಯಲ್ಲಿ ಪರ್ಮಾಕಲ್ಚರ್ ಕೂಟ ನಡೆಸಲು ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಹಿತ್ತಲಿರುವ ಬಾಡಿಗೆ ಮನೆ ಸಿಗುವುದು ಲಾಟರಿ ಹೊಡೆದ ಹಾಗೆ. ನಮಗೆ ಧಾಯರಿ ಕಡೆ ಸಿಕ್ಕಿತು. ಮನೆ ಹಿಂದೆ ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಜಾಗ. ಒಂದು ಕರಿಬೇವು, ಒಂದು ಪೇರಲ ಗಿಡ, ಉಳಿದದ್ದೆಲ್ಲ ಒಡೆದ ಇಟ್ಟಿಗೆ, ಸಿಮೆಂಟ್ ಹೆಂಟೆ.

ಮೊದಲ ಸಲ ನಾನು ಕೂಟ ಕರೆದಾಗ ಮೂವತ್ತು ಜನ ಬಂದಿದ್ದರು. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯವರು ಜಾಸ್ತಿ, ಜೊತೆಗೆ ನಮ್ಮ ಗಲ್ಲಿಯ ಮರಾಠಿ ಮನೆಗಳವರು. ಲ್ಯಾಪ್‌ಟಾಪ್ ಇಟ್ಟು ಪರ್ಮಾಕಲ್ಚರ್ ಬಗ್ಗೆ, ಅಂದರೆ ಕಾಡಿನಲ್ಲಿರುವಂತೆ ಮಣ್ಣು, ನೀರು, ಗಿಡ ಒಂದಕ್ಕೊಂದು ನೆರವಾಗುವ ಹಾಗೆ ತೋಟ ಕಟ್ಟುವ ಪದ್ಧತಿಯ ಬಗ್ಗೆ, ಒಂದೂವರೆ ಗಂಟೆ ಮಾತಾಡಿದೆ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಆಸ್ಟ್ರೇಲಿಯಾದಲ್ಲಿ 1978ರಲ್ಲಿ ಪುಸ್ತಕ ಬರೆದು ಈ ಹೆಸರು ಕೊಟ್ಟದ್ದು, ಮಾಲಿಸನ್ 1987ರಲ್ಲಿ ಭಾರತಕ್ಕೆ ಬಂದು ಪಾಠ ಹೇಳಿದ್ದು, 2017ರಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದು, ಎಲ್ಲ ಹೇಳಿದೆ. ನೆಲದ ಕಾಳಜಿ, ಜನರ ಕಾಳಜಿ, ಹೆಚ್ಚಿದ್ದನ್ನು ಹಂಚುವುದು ಎಂಬ ಮೂರು ನೀತಿಗಳನ್ನೂ ಹೇಳಿದೆ. ಎಲ್ಲರೂ ಅವಲಕ್ಕಿ ತಿಂದು, ಚಹಾ ಕುಡಿದು, ಫೋಟೋ ತೆಗೆದುಕೊಂಡು ಹೋದರು. ಇಟ್ಟಿಗೆ ಚೂರು ಇದ್ದಲ್ಲೇ ಇತ್ತು.

ಕೊನೆಗೆ ಉಳಿದ ಬಿಜಾಪುರ ಕಡೆಯ ಅಜ್ಜಿಯೊಬ್ಬರು ಲೋಟ ಕೆಳಗಿಟ್ಟು ಕೇಳಿದರು: "ಇಷ್ಟ್ ಮಂದಿ ಬಂದ್ರು, ಒಬ್ರರೇ ಗುದ್ದಲಿ ಹಿಡದ್ರೇನವಾ? ಊರಾಗಾಗಿದ್ರ ಇಷ್ಟ್ ಮಂದ್ಯಾಗ ಮುಯ್ಯಾಳ್ ಮಾಡಿ ಒಂದ್ ಹೊಲದ ಕಳೆನ ತಗದ ಬಿಡ್ತಿದ್ರು."

ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಮುಯ್ಯಾಳು ನಿಮಗೆ ಗೊತ್ತಲ್ವಾ? ಇವತ್ತು ನಮ್ಮ ಹೊಲಕ್ಕೆ ನೀವು ಬಂದು ದುಡಿಯುತ್ತೀರಿ, ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿ ಇಲ್ಲ, ಊಟ ಉಂಟು. ಪಕ್ಕದ ಮನೆಯ ಮರಾಠಿ ಕಾಕೂಗೆ ಇದನ್ನು ವಿವರಿಸಲು ಹೋದರೆ, ಅವರೇ "ಅದಕ್ಕೆ ನಮ್ಮಲ್ಲಿ ಇರ್ಜಿಕ್ ಅಂತಾರೆ" ಎಂದರು. ಆಮೇಲಿನಿಂದ ನಮ್ಮ ಕೂಟವನ್ನು ಮುಯ್ಯಾಳಿನ ಲೆಕ್ಕದಲ್ಲೇ ನಡೆಸುತ್ತಿದ್ದೇವೆ. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಕೆಲಸ ಆರಿಸಿ, ಆಮೇಲೆ ಜನರನ್ನು ಕರೆಯಿರಿ

ಒಂದು ಬೆಳಿಗ್ಗೆಗೆ ಒಂದೇ ಕೆಲಸ ಸಾಕು. ಶುರುವಾದ ಕೆಲಸ ಅವತ್ತೇ ಮುಗಿಯಬೇಕು, ಬಂದವರು ಹೋಗುವಾಗ ಅದು ಕಣ್ಣಿಗೆ ಕಾಣಬೇಕು. ಕಾಂಪೋಸ್ಟ್ ರಾಶಿ, ತರಕಾರಿ ಮಡಿ, ಮಳೆನೀರಿನ ಕಾಲುವೆ ಎಲ್ಲವನ್ನೂ ಒಂದೇ ಭಾನುವಾರ ತುರುಕಿದರೆ ಮೂರೂ ಅರ್ಧಕ್ಕೆ ನಿಲ್ಲುತ್ತವೆ. ಸೋಮವಾರ ಆಫೀಸಿಗೆ ಹೋಗುವ ಮೊದಲು ಅವನ್ನು ಮುಗಿಸುವವರು ನೀವೊಬ್ಬರೇ.

ಮೊದಲ ಕೂಟಕ್ಕೆ ನನ್ನ ಸಲಹೆ ಬಾಳೆ ಗುಂಡಿ. ಬಟ್ಟಲಿನ ಆಕಾರದ ಒಂದು ಗುಂಡಿ ತೋಡಿ, ತೆಗೆದ ಮಣ್ಣನ್ನು ಸುತ್ತ ಬದುವಿನಂತೆ ಏರಿಸಿ, ಅದರ ಮೇಲೆ ಬಾಳೆ ನೆಟ್ಟು, ಗುಂಡಿಯೊಳಗೆ ಕಸಕಡ್ಡಿ ತುಂಬುವುದು. ಛಾವಣಿಯ ಮಳೆನೀರು ಅದಕ್ಕೇ ಬರುತ್ತದೆ. ಹಿತ್ತಲ ಕಸವೂ ಅಲ್ಲೇ ಕರಗಿ ಗೊಬ್ಬರವಾಗುತ್ತದೆ. ಪರ್ಮಾಕಲ್ಚರ್ ಅಂದರೇನು ಅಂತ ಯಾರಾದರೂ ಕೇಳಿದರೆ ಆ ಗುಂಡಿ ತೋರಿಸಿದರೆ ಸಾಕು, ಸ್ಲೈಡ್ ಬೇಕಾಗುವುದಿಲ್ಲ. ಹನ್ನೆರಡು ಜನ ಸೇರಿದರೆ ಮೂರು ಗಂಟೆಯ ಕೆಲಸ.

ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿ. ಬಾಯಿಮಾತು ಸಾಲದು, ಎಲ್ಲಿ, ಎಷ್ಟು ಆಳ ಅಂತ ಒಂದು ಮೆಸೇಜ್ ಕಳಿಸಿ ಉತ್ತರ ತರಿಸಿಕೊಳ್ಳಿ.

ಯಾವ ಭಾನುವಾರ?

ಪುಣೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬರೀ ಅರವತ್ತೈದು ಕಿಲೋಮೀಟರ್ ಆಚೆಯ ಲೋಣಾವಳದಲ್ಲಿ ಇದರ ಹಲವು ಪಟ್ಟು ಬೀಳುತ್ತದೆ. ಹಾಗಾಗಿ ಕೊಂಕಣದ, ಗೋವಾದ ವಿಡಿಯೋ ನೋಡಿ ಅಲ್ಲಿನ ವಿಧಾನ ಇಲ್ಲಿ ನಕಲು ಮಾಡಬೇಡಿ. ಅವರಿಗೆ ನೀರನ್ನು ಹೊರಗೆ ಹಾಕುವ ಚಿಂತೆ, ನಮಗೆ ಹಿಡಿದಿಡುವ ಚಿಂತೆ.

ತೋಡುವ ಕೆಲಸ ಮೇ ಕೊನೆಯ ಭಾನುವಾರ ಇಟ್ಟುಕೊಳ್ಳಿ. ನೆಡುವ ಕೆಲಸವನ್ನು ಎರಡು ಒಳ್ಳೆಯ ಮಳೆ ಆದ ಮೇಲೆ, ಅಂದರೆ ಜೂನ್ ಕೊನೆಯ ಹೊತ್ತಿಗೆ. ಎರಡನ್ನೂ ಮಳೆ ಬಂದ ಮೇಲೆ ಮಾಡೋಣ ಅಂದುಕೊಂಡರೆ ಎರೆಮಣ್ಣು ಬಿಡುವುದಿಲ್ಲ. ಹಸಿ ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲು ಎರಡು ಕಿಲೋ ಆಗುತ್ತದೆ, ತುಳಿದ ಕಡೆ ನೆಲ ಹೆಂಚಿನಂತೆ ಗಟ್ಟಿಯಾಗುತ್ತದೆ.

ದಿನ ನಿಗದಿ ಮಾಡುವ ಮೊದಲು ಪಂಚಾಂಗ ನೋಡಿ. ಮುಹೂರ್ತಕ್ಕಲ್ಲ, ಪಾಲಖಿಗೆ, ಅಂದರೆ ವಾರಕರಿಗಳ ಪಲ್ಲಕ್ಕಿ ಯಾತ್ರೆಗೆ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೊರಟ ಆಳಂದಿಯ ಜ್ಞಾನೇಶ್ವರರ ಮತ್ತು ದೇಹುವಿನ ತುಕಾರಾಮರ ಪಾಲಖಿಗಳು ಪುಣೆಯಲ್ಲಿ ತಂಗುವ ದಿನ ಊರಿನ ರಸ್ತೆಗಳು ಬಂದ್ ಆಗುತ್ತವೆ. ಊರಿನ ಇನ್ನೊಂದು ಕಡೆಯ ಹಡಪಸರದಿಂದ ಬರುವವರು ಅವತ್ತು ಬಂದಂತೆಯೇ! ತಿಥಿ ಪ್ರಕಾರ ನಡೆಯುವುದರಿಂದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ.

ಹೊತ್ತು ಬೆಳಿಗ್ಗೆ 7ರಿಂದ 11. ಮೇ ತಿಂಗಳ ಬಿಸಿಲಲ್ಲಿ ಹನ್ನೊಂದರ ನಂತರ ಗುದ್ದಲಿ ಎತ್ತಿಸುವುದು ತಪ್ಪು. ಇನ್ನೊಂದು ವಿಷಯ, ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸದ್ದು ಮಾಡಿದರೆ ಅಕ್ಕಪಕ್ಕದವರು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ.

ಎರಡು ವಾರ ಮೊದಲು: ನೀರು, ಮಣ್ಣು, ಪೈಪು

ಈ ಭಾಗ ಬೇಸರದ್ದು. ಆದರೆ ಕೂಟ ಕೆಡುವುದಿದ್ದರೆ ಇಲ್ಲೇ ಕೆಡುತ್ತದೆ.

ನೀರಿನ ಲೆಕ್ಕ ಮೊದಲು. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಛಾವಣಿ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಒಂದು ದಿನ 50 ಮಿಲಿಮೀಟರ್ ಸುರಿದರೆ 4,650 ಲೀಟರ್. ಚಿಮ್ಮಿದ್ದು, ಆವಿಯಾದದ್ದು ಅಂತ ಐದನೇ ಒಂದು ಪಾಲು ಬಿಟ್ಟರೂ ಸುಮಾರು 3,700 ಲೀಟರ್ ಪೈಪಿನಿಂದ ಇಳಿಯುತ್ತದೆ. ಆರು ಅಡಿ ಅಗಲ, ನಡುವೆ ಎರಡು ಅಡಿ ಆಳದ ಬಟ್ಟಲು ಗುಂಡಿ ಹಿಡಿಯುವುದು ಖಾಲಿ ಇದ್ದಾಗಲೇ 800 ಲೀಟರ್ ಆಸುಪಾಸು. ಉಳಿದ ನೀರು ಎಲ್ಲಿ ಹೋಗುತ್ತದೆ ಅಂತ ತೋಡುವ ಮೊದಲೇ ಯೋಚಿಸಬೇಕು. ಇಲ್ಲವಾದರೆ ಅದು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ, ಅದು ಹೆಚ್ಚಾಗಿ ಪಕ್ಕದ ಮನೆ ಪಾರ್ಕಿಂಗ್ ಆಗಿರುತ್ತದೆ.

ಜಾಗ ಗುರುತಿಸಿ. ಮನೆಯ ಪಾಯದಿಂದ ಕನಿಷ್ಠ ಹತ್ತು ಅಡಿ ದೂರ ಇರಲಿ. ಕಾಂಪೌಂಡ್ ಗೋಡೆಗೂ ತೀರಾ ಅಂಟಿಸಬೇಡಿ. ದೊಡ್ಡ ಮರದ ಬುಡ ಬಿಟ್ಟುಬಿಡಿ. ಛಾವಣಿ ಪೈಪಿನಿಂದ ಗುಂಡಿಯವರೆಗೆ ನೆಲ ಇಳಿಜಾರಿದೆಯೇ ಅಂತ ನೋಡಲು ಗೌಂಡಿಗಳು ಬಳಸುವ ಲೆವಲ್ ಪೈಪ್ ಸಾಕು. ಪಾರದರ್ಶಕ ಪೈಪಿನೊಳಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ನೋಡಿಕೊಳ್ಳಿ.

ನೀರು ಇಂಗುತ್ತದೆಯೇ ಅಂತ ಪರೀಕ್ಷಿಸಿ. ಅದೇ ಜಾಗದಲ್ಲಿ ಒಂದು ಅಡಿ ಆಳದ ಚಿಕ್ಕ ಕುಣಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಈ ಎರಡನೇ ಸಲ ಕೋಲು ನಿಲ್ಲಿಸಿ ಗಂಟೆಗೆ ಎಷ್ಟು ಇಂಚು ಇಳಿಯಿತು ಅಂತ ಬರೆದುಕೊಳ್ಳಿ. ಒಣ ಮಣ್ಣು ಮೊದಲ ಸಲ ಗಟಗಟ ಕುಡಿದು ಮೋಸ ಮಾಡುತ್ತದೆ, ಅದಕ್ಕೇ ಎರಡನೇ ಸಲದ ಲೆಕ್ಕ. ಗಂಟೆಗೆ ಒಂದು ಇಂಚಿಗಿಂತ ಕಡಿಮೆ ಇಳಿದರೆ ಗುಂಡಿ ಬೇಡ. ನೀರು ನಿಂತು ಸೊಳ್ಳೆ ಸಾಕಿದ ಹಾಗಾಗುತ್ತದೆ. ಅಂಥ ಕಡೆ ನೆಲದ ಮೇಲೆಯೇ ಎತ್ತರದ ಮಡಿ ಕಟ್ಟುವ ಕೆಲಸ ಇಟ್ಟುಕೊಳ್ಳಿ.

ಮಣ್ಣು ಯಾವ ಥರದ್ದು ಅಂತ ತಿಳಿಯಲು ಗಾಜಿನ ಬಾಟಲಿ ಬೇಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ. ಜೋರಾಗಿ ಅಲ್ಲಾಡಿಸಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ನುಣ್ಣನೆಯ ಗೋಡು ಕೆಲವು ಗಂಟೆಯಲ್ಲಿ, ಜೇಡಿ ಒಂದು ದಿನವಾದರೂ ಕಲಕಾಗಿಯೇ ಇರುತ್ತದೆ. ಮಕ್ಕಳಿಗೆ ಇದು ಮಜಾ ಕೊಡುತ್ತದೆ, ಬಾಟಲಿಯನ್ನು ಕೂಟದ ದಿನಕ್ಕೆ ಇಟ್ಟುಕೊಳ್ಳಿ. ಪುಣೆಯಲ್ಲಿ ಬಹಳ ಕಡೆ ಮೇಲೆ ಒಂದೆರಡು ಅಡಿ ಕಪ್ಪು ಮಣ್ಣು, ಕೆಳಗೆ ಗಟ್ಟಿ ಗರಸು. ಇಲ್ಲಿಯವರು ಅದಕ್ಕೆ ಮುರುಮ್ ಅನ್ನುತ್ತಾರೆ. ಕರಿಕಲ್ಲು ಸವೆದು ಆದದ್ದು. ಗರಸು ಬಂದರೆ ಹೆದರಬೇಡಿ, ನೀರು ಅದರಲ್ಲಿ ಎರೆಮಣ್ಣಿಗಿಂತ ಚೆನ್ನಾಗಿ ಇಳಿಯುತ್ತದೆ. ತೋಡಲು ಮಾತ್ರ ಹಾರೆ ಬೇಕು.

ಇನ್ನು ಪೈಪು. ನೀರಿನ ಲೈನ್, ಸೆಪ್ಟಿಕ್ ಟ್ಯಾಂಕ್, ಡ್ರೈನೇಜ್, ಕರೆಂಟ್ ಕೇಬಲ್, ಅಡುಗೆ ಗ್ಯಾಸಿನ ಪೈಪು ಎಲ್ಲೆಲ್ಲಿ ಹೋಗಿವೆ ಅಂತ ಹಳಬರನ್ನು ಕೇಳಿ ಸುಣ್ಣದಲ್ಲಿ ಗೆರೆ ಹಾಕಿ. ನಾನು ಕೇಳಲಿಲ್ಲ. ಇದ್ದರೆ ಗೋಡೆ ಪಕ್ಕ ಇರುತ್ತದೆ ಅಂದುಕೊಂಡೆ. ಎರಡನೇ ಕೂಟದ ದಿನ ಎಂಟು ಗಂಟೆಗೆ ಹಾರೆಯ ಮೊದಲ ಏಟಿಗೇ ನೀರು ಕಾರಂಜಿಯಂತೆ ಚಿಮ್ಮಿತು. ಭಾನುವಾರ ಪ್ಲಂಬರ್ ಸಿಗುವ ಹೊತ್ತಿಗೆ ಹನ್ನೊಂದು ದಾಟಿತ್ತು. ಹದಿನಾಲ್ಕು ಜನ ಸುಮ್ನೆ ಕೂತು ಶೇಂಗಾ ತಿಂದರು.

ಸಾಮಾನು ಕೂಡಿಸುವುದು

ಒಣ ಎಲೆ ಬೇಕು, ನೀವು ಅಂದುಕೊಂಡದ್ದರ ಮೂರು ಪಟ್ಟು. ಮೇ ತಿಂಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಲೆ ಉದುರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಆಗಲೇ ಗೋಣಿಚೀಲದಲ್ಲಿ ತುಂಬಿಡಿ. ಬೀದಿಯಲ್ಲಿ ಎಲೆ ಸುಡುವವರಿಗೆ ಹೇಳಿ ನೋಡಿ, ಕಸ ಬಯಲಲ್ಲಿ ಸುಡುವುದನ್ನು ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿದೆ, ₹5,000 ದಂಡವೂ ಇದೆ. ನಾನು ದಂಡದ ಮಾತು ಎತ್ತುವುದಿಲ್ಲ, "ನಮಗೆ ಕೊಡಿ, ನಾವೇ ಒಯ್ಯುತ್ತೇವೆ" ಅನ್ನುತ್ತೇನೆ. ಎಲೆ ಇರುವವರನ್ನೂ ಬೇಕಾದವರನ್ನೂ ಜೋಡಿಸುವ ಬ್ರೌನ್ ಲೀಫ್ ಎಂಬ ಗುಂಪು ಪುಣೆಯಲ್ಲೇ ಹುಟ್ಟಿದ್ದು. ನೀಲಗಿರಿ ಎಲೆ ಮಾತ್ರ ಬೇಡ. ಮಾವಿನೆಲೆ ನಡೆಯುತ್ತದೆ, ಕರಗಲು ತಡ.

ಎಲೆ ಸಾಲದಿದ್ದರೆ ಕಬ್ಬಿನ ಸಿಪ್ಪೆ. ಬೇಸಿಗೆಯಲ್ಲಿ ಪುಣೆಯ ಪ್ರತಿ ತಿರುವಿನಲ್ಲೂ ಒಂದು ರಸವಂತಿ ಗೃಹ ಇರುತ್ತದೆ. ಸಂಜೆ ಒಂದು ಲೋಟ ಕಬ್ಬಿನ ಹಾಲು ಕುಡಿದು ಕೇಳಿದರೆ ಎರಡು ಚೀಲ ಸಿಪ್ಪೆ ಪುಕ್ಕಟೆ ಕೊಡುತ್ತಾರೆ. ಇದು ಹೊಸ ಉಪಾಯವೇನಲ್ಲ. ಮುಂಬೈಯಲ್ಲಿ ಡಾ. ಆರ್. ಟಿ. ದೋಶಿ ತಾರಸಿಯ ಮೇಲೆ ಕಬ್ಬಿನ ಸಿಪ್ಪೆ ತುಂಬಿ ಹಣ್ಣು ತರಕಾರಿ ಬೆಳೆದು ತೋರಿಸಿದ್ದರು. ಕೊಲ್ಹಾಪುರದ ಶ್ರೀಪಾದ ದಾಭೋಳಕರ್ ಅವರ ಪ್ರಯೋಗ ಪರಿವಾರದವರೂ ಕಸದಿಂದ ಮಣ್ಣು ಮಾಡುವುದನ್ನು ಮನೆಮನೆಗೆ ಕಲಿಸಿದವರೇ. ಸಿಪ್ಪೆಯನ್ನು ಒಂದು ವಾರ ಬಿಸಿಲಿಗೆ ಹರಡಿ, ಇಲ್ಲದಿದ್ದರೆ ಸಿಹಿಗೆ ಇರುವೆ, ನೊಣ ಮುತ್ತುತ್ತವೆ.

ಹನ್ನೆರಡು ಜನಕ್ಕೆ ಮೂರು ಗುದ್ದಲಿ, ಮೂರು ಸಲಿಕೆ, ಒಂದು ಹಾರೆ, ಮಣ್ಣು ಹೊರುವ ಆರು ಘಮೇಲ ಸಾಕು. ಎಲ್ಲರಿಗೂ ಒಂದೊಂದು ಗುದ್ದಲಿ ಕೊಟ್ಟರೆ ಒಬ್ಬರ ಕಾಲು ಇನ್ನೊಬ್ಬರ ಗುದ್ದಲಿಗೆ ಸಿಗುತ್ತದೆ. ಹೊರಗಿನಿಂದ ತಂದ ಹಿಡಿಕೆಗೆಲ್ಲ ಬಣ್ಣದ ದಾರ ಕಟ್ಟಿ, ಯಾರದು ಯಾವ ಬಣ್ಣ ಅಂತ ಗೋಡೆಯ ಮೇಲೆ ಬರೆದಿಡಿ. ಮುಯ್ಯಾಳು ಮುರಿಯುವುದು ಕಳೆದುಹೋದ ಕುರ್ಪಿಯಿಂದಲೇ. ಟೋಪಿ, ಕುಡಿಯುವ ನೀರು, ಗಾಯಕ್ಕೆ ಪಟ್ಟಿ, ಕಾಲಿಗೆ ಬೂಟು. ಮತ್ತು ಒಳಗಿನ ಬಾತ್‌ರೂಮ್ ತೆರೆದಿದೆ ಅಂತ ಕರೆಯುವಾಗಲೇ ಹೇಳಿ. ಹೆಂಗಸರು ಬರುವುದು, ಬಿಡುವುದು ಎಷ್ಟೋ ಸಲ ಇದರ ಮೇಲೆ ನಿಂತಿರುತ್ತದೆ.

ಜೀವಾಮೃತ, ಅಂದರೆ ಮಣ್ಣಿಗೆ ಹಾಕುವ ಸಗಣಿ-ಗಂಜಲದ ದ್ರಾವಣ, ಬೇಕಾದರೆ ಎರಡು ದಿನ ಮೊದಲು ಕಲಸಿಡಿ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ 200 ಲೀಟರಿನ ಅಳತೆಯನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಹಿತ್ತಲಿಗೆ ಸರಿ: 20 ಲೀಟರ್ ನೀರು, ಒಂದು ಕಿಲೋ ದೇಸಿ ಹಸುವಿನ ಸಗಣಿ, ಅರ್ಧದಿಂದ ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ತಿರುವಿ, ವಾರದೊಳಗೆ ಮುಗಿಸಿ. ಒಳ್ಳೆಯ ಕಾಂಪೋಸ್ಟ್ ಇದ್ದರೆ ಇದಿಲ್ಲದೆಯೂ ನಡೆಯುತ್ತದೆ ಅನ್ನುವುದು ನನ್ನ ಅನುಭವ. ಆದರೆ ಊರಿನ ಸಗಣಿ ವಾಸನೆಗೆ ಕೆಲವರ ಮುಖ ಅರಳುವುದನ್ನು ನೋಡಲಿಕ್ಕಾದರೂ ಒಂದು ಬಕೆಟ್ ಇಡುತ್ತೇನೆ.

ಕರೆಯುವುದು

ಹನ್ನೆರಡರಿಂದ ಹದಿನೆಂಟು ಜನ. ಅದಕ್ಕಿಂತ ಹೆಚ್ಚಾದರೆ ಅರ್ಧ ಜನ ಪ್ರೇಕ್ಷಕರಾಗುತ್ತಾರೆ. ಕರೆಯುವ ಮೆಸೇಜಿನಲ್ಲಿ ಪರ್ಮಾಕಲ್ಚರ್ ಪದ ಇದ್ದರೂ ಸರಿ, ಇಲ್ಲದಿದ್ದರೂ ಸರಿ. "ನಮ್ಮ ಹಿತ್ತಲಲ್ಲಿ ಬಾಳೆ ಗುಂಡಿ ತೋಡುತ್ತಿದ್ದೇವೆ, ಮುಯ್ಯಾಳಿಗೆ ಬನ್ನಿ, ಊಟ ಇಲ್ಲೇ" ಅಂತ ಬರೆದರೆ ಬರುವವರು ಗುದ್ದಲಿ ಹಿಡಿಯುವ ಮನಸ್ಸಿನಿಂದ ಬರುತ್ತಾರೆ. ಅದೇ ಸಾಲನ್ನು ಮರಾಠಿಯಲ್ಲೂ ಕಳಿಸಿ. ಕನ್ನಡದವರನ್ನು ಮಾತ್ರ ಕರೆದರೆ ಸಂಘದ ಕಾರ್ಯಕ್ರಮ ಆಗುತ್ತದೆ. ವಾರದ ದಿನ ನೀರು ಹಾಕುವವರು, ಹಾವು ಕಂಡರೆ ಓಡಿ ಬರುವವರು ಪಕ್ಕದ ಮನೆಯವರೇ ಅಲ್ವಾ?

ನಾಲ್ಕೈದು ಜನಕ್ಕೆ ಕೆಲಸ ಗೊತ್ತಿರುವ ಒಬ್ಬರು ಇರಲಿ. ಅವರು ಕೃಷಿ ಪದವೀಧರರಾಗಬೇಕಿಲ್ಲ. ನಮ್ಮಲ್ಲಿ ಒಬ್ಬರು ಸೊಸೈಟಿಯೊಂದರ ಮಾಳಿ ಕಾಕಾ, ಇನ್ನೊಬ್ಬರು ಇಂಡಿ ತಾಲೂಕಿನಿಂದ ಬಂದ ಗೌಂಡಿ ಅಣ್ಣ. ಅವರಿಗೆ ಭಾನುವಾರ ದುಡಿಮೆಯ ದಿನವಾದರೆ ಕೂಲಿ ಕೊಟ್ಟೇ ಕರೆಯಿರಿ. ದಿನಗೂಲಿಯವರ ಹತ್ತಿರ ಮುಯ್ಯಾಳಿನ ಹೆಸರಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಗುಂಡಿಯ ಬೆಳಿಗ್ಗೆ

ಎರಡು ದಿನ ಮೊದಲೇ ಆ ಜಾಗಕ್ಕೆ ಹತ್ತು ಬಕೆಟ್ ನೀರು ಹಾಕಿಡಿ. ಒಣ ನೆಲ ಗುದ್ದಲಿಯನ್ನು ವಾಪಸ್ ಎಸೆಯುತ್ತದೆ.

ಏಳಕ್ಕೆ ಬಂದವರು ಸುತ್ತ ನಿಲ್ಲಲಿ. ಕಂಪನಿ, ಹುದ್ದೆ ಬಿಟ್ಟು, ಊರು ಮತ್ತು ಊರಿನ ಹಿತ್ತಲಲ್ಲಿದ್ದ ಒಂದು ಗಿಡದ ಹೆಸರು ಹೇಳಲಿ. ಹತ್ತು ನಿಮಿಷ ಸಾಕು. ಪುಂಡಿಪಲ್ಯ ಅಂತ ಒಬ್ಬರು ಅಂದರೆ, ಅದೇ ಸೊಪ್ಪಿಗೆ ಮರಾಠಿಯಲ್ಲಿ ಅಂಬಾಡಿ ಅಂತ ಇನ್ನೊಬ್ಬರು, ಅಲ್ಲಿಗೆ ಪರಿಚಯ ಆದಂತೆಯೇ.

ಆಮೇಲೆ ಕೆಲಸ ಈ ಕ್ರಮದಲ್ಲಿ:

1. ನಡುವೆ ಗೂಟ ಹೊಡೆದು ಮೂರು ಅಡಿ ಹಗ್ಗ ಕಟ್ಟಿ ಸುತ್ತ ಗೆರೆ ಎಳೆಯಿರಿ. ಆರು ಅಡಿಯ ವೃತ್ತ. ಅದರ ಹೊರಗೆ ಇನ್ನೆರಡು ಅಡಿಗೆ ಇನ್ನೊಂದು ಗೆರೆ, ಅದು ಬದುವಿನ ಜಾಗ.

2. ಒಳಗಿನ ವೃತ್ತದ ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿ. ಜೀವ ಇರುವುದು ಅದರಲ್ಲೇ, ಕೊನೆಗೆ ಬದುವಿನ ತಲೆಯ ಮೇಲೆ ಬರಬೇಕು. ನಮ್ಮವರು ಅವಸರದಲ್ಲಿ ಗರಸನ್ನು ಮೇಲೆ, ಒಳ್ಳೆ ಮಣ್ಣನ್ನು ಕೆಳಗೆ ಹಾಕಿದ್ದರು. ಆ ಕಡೆಯ ಬಾಳೆ ಒಂದು ವರ್ಷ ಮುನಿಸಿಕೊಂಡೇ ಇತ್ತು.

3. ಇಬ್ಬರು ತೋಡುವವರು, ಇಬ್ಬರು ತುಂಬುವವರು, ಉಳಿದವರು ಘಮೇಲ ಸಾಗಿಸುವ ಸಾಲು. ಹದಿನೈದು ನಿಮಿಷಕ್ಕೊಮ್ಮೆ ಬದಲಿ. ಎಂಬತ್ತರಿಂದ ನೂರು ಘಮೇಲ ಮಣ್ಣು ಏಳುತ್ತದೆ. ಜಿಮ್ಮಿಗೆ ಹೋಗುವ ಹುಡುಗರು ಮೊದಲ ಹತ್ತು ನಿಮಿಷದಲ್ಲೇ ಜೋರು ತೋರಿಸಿ ಸುಸ್ತಾಗುತ್ತಾರೆ, ಅವರನ್ನು ಬಲವಂತವಾಗಿ ಕೂರಿಸಿ.

4. ಗುಂಡಿ ಬಟ್ಟಲಿನಂತಿರಲಿ, ಬಾವಿಯಂತೆ ನೇರ ಗೋಡೆ ಬೇಡ. ನಡುವೆ ಎರಡು ಅಡಿ ಆಳ. ತೆಗೆದ ಮಣ್ಣನ್ನು ಬದುವಿಗೆ ಹಾಕುತ್ತಾ ಪ್ರತಿ ಪದರವನ್ನೂ ತುಳಿಯಿರಿ. ಮಕ್ಕಳನ್ನು ಬಿಟ್ಟರೆ ಈ ಕೆಲಸ ತಾನಾಗೇ ಆಗುತ್ತದೆ.

5. ಛಾವಣಿ ಪೈಪಿನ ಕಡೆ ನೀರು ಬರಲು ಒಂದು ಬಾಯಿ, ಎದುರು ಕಡೆ ಹೆಚ್ಚಾದದ್ದು ಹೊರಗೆ ಹೋಗಲು ಇನ್ನೊಂದು. ಹೊರ ಬಾಯಿ ಒಳ ಬಾಯಿಗಿಂತ ಮೂರು ಇಂಚು ಕೆಳಗಿರಲಿ, ಲೆವಲ್ ಪೈಪ್ ಹಿಡಿದೇ ನೋಡಿ. ಎರಡೂ ಬಾಯಿಗೆ ಆ ಒಡೆದ ಇಟ್ಟಿಗೆ, ಕಲ್ಲು ಹಾಸಿ. ನಮ್ಮ ಹಿತ್ತಲ ಇಟ್ಟಿಗೆ ಚೂರಿಗೆ ಕೊನೆಗೂ ಕೆಲಸ ಸಿಕ್ಕಿದ್ದು ಹೀಗೆ. ಹೊರ ಬಾಯಿಯಿಂದ ಪೇರಲ ಗಿಡದ ಕಡೆಗೆ ಒಂದು ಗೇಣು ಆಳದ ಕಾಲುವೆ ಎಳೆದೆವು.

6. ಗುಂಡಿ ತುಂಬಿ. ತಳಕ್ಕೆ ದಪ್ಪ ಕೊಂಬೆ, ತೆಂಗಿನ ಗರಿಯ ದಿಂಡು. ಮೇಲೆ ಸಣ್ಣ ಕಡ್ಡಿ. ಆಮೇಲೆ ಒಣ ಎಲೆ ಮೂರು ಬುಟ್ಟಿಗೆ ಹಸಿ ಕಸ ಒಂದು ಬುಟ್ಟಿಯಂತೆ ಪದರ. ಪ್ರತಿ ಪದರಕ್ಕೂ ನೀರು ಚಿಮುಕಿಸಿ. ನೆಲಮಟ್ಟಕ್ಕಿಂತ ಎರಡು ಅಡಿ ಎತ್ತರಕ್ಕೆ ಗುಡ್ಡೆ ಮಾಡಿ, ಎರಡು ತಿಂಗಳಲ್ಲಿ ಕುಸಿದು ಅರ್ಧವಾಗುತ್ತದೆ. ಎಣ್ಣೆ, ಮಾಂಸ, ಉಳಿದ ಅನ್ನ ಬೇಡ, ಹೆಗ್ಗಣ ಬರುತ್ತವೆ.

7. ಬದುವಿಗೆ ಹೊದಿಕೆ. ಟೇಪು, ಪಿನ್ನು ಕಿತ್ತ ರಟ್ಟಿನ ಡಬ್ಬಿಗಳನ್ನು ಬಿಚ್ಚಿ, ನೀರಲ್ಲಿ ನೆನೆಸಿ, ಅಂಚು ಒಂದರ ಮೇಲೊಂದು ಬರುವಂತೆ ಹಾಸಿ. ಮೇಲೆ ಎರಡು ಇಂಚು ಕಾಂಪೋಸ್ಟ್, ಅದರ ಮೇಲೆ ಅರ್ಧ ಅಡಿ ಒಣ ಎಲೆ ಇಲ್ಲವೇ ಸಿಪ್ಪೆ. ಗೋಡೆ, ಬಾಗಿಲ ಚೌಕಟ್ಟಿನ ಹತ್ತಿರ ಹೊದಿಕೆ ತರಬೇಡಿ, ಗೆದ್ದಲಿಗೆ ದಾರಿ ತೋರಿಸಿದ ಹಾಗೆ.

ಜೂನ್ ಕೊನೆಗೆ ನೆಡುವಾಗ ರಟ್ಟನ್ನು ಅಲ್ಲಲ್ಲಿ ಕತ್ತರಿಸಿ ಐದು ಬಾಳೆ ಕಂದು ನೆಡಿ, ನಾಲ್ಕೈದು ಅಡಿಗೆ ಒಂದು. ಅಗಲ ಎಲೆಯ ಮುದ್ದಾದ ಕಂದು ಬೇಡ. ಕತ್ತಿಯಂತೆ ಕಿರಿದಾದ ಎಲೆ, ದಪ್ಪ ಬುಡ ಇರುವುದನ್ನೇ ಆರಿಸಿ, ಅದಕ್ಕೆ ತಾಯಿಯ ಬಲ ಇರುತ್ತದೆ. ನಡುವಿನ ಸಂದಿಯಲ್ಲಿ ಒಂದೆರಡು ಪಪ್ಪಾಯಿ, ಬದುವಿನ ತುತ್ತತುದಿಯಲ್ಲಿ. ಪಪ್ಪಾಯಿ ಬೇರಿಗೆ ನೀರು ನಿಂತರೆ ಆಗುವುದಿಲ್ಲ. ಕೆಸುವಿಗೆ ಅದೇ ಇಷ್ಟ, ಅದನ್ನು ಒಳ ಅಂಚಿಗೆ. ಹೊರ ಇಳಿಜಾರಿಗೆ ಗೆಣಸಿನ ಬಳ್ಳಿ ಹಬ್ಬಿಸಿದರೆ ಮಣ್ಣು ಕೊಚ್ಚುವುದಿಲ್ಲ. ಬಾಳೆ ನೆರಳು ಬಂದ ಮೇಲೆ ಅರಿಶಿನ, ಶುಂಠಿ.

ಗುದ್ದಲಿ ಹಿಡಿಯದವರಿಗೆ ಬೀಜದ ಚಾಪೆ

ಹಿರಿಯರಿಗೆ ನೆರಳಲ್ಲಿ ಚಾಪೆ ಹಾಸಿ, ಪಕ್ಕ ಎರಡು ಕುರ್ಚಿ. ಬರುವವರು ಮನೆಯಲ್ಲಿರುವ ಬೀಜ ತರಲಿ. ನಮ್ಮಲ್ಲಿ ಈ ಚಾಪೆಯೇ ಕೂಟದ ಅರ್ಧ ಜೀವ. ಪುಂಡಿ, ರಾಜಗಿರಿ, ಹೀರೆ, ಪಡವಲ, ಚವಳಿ, ಅವರೆ, ಬಸಳೆ ಎಲ್ಲ ಬರುತ್ತವೆ. ಒಮ್ಮೆ ಒಬ್ಬರು ಸೀರೆ ಸೆರಗಿನ ಗಂಟಿನಲ್ಲಿ ಹಕ್ಕರಕಿ ಬೀಜ ತಂದಿದ್ದರು.

ಪ್ರತಿ ಪೊಟ್ಟಣದ ಮೇಲೆ ನಾಲ್ಕು ವಿಷಯ: ಕನ್ನಡ ಹೆಸರು, ಮರಾಠಿ ಹೆಸರು, ಯಾವ ವರ್ಷದ ಬೀಜ, ಯಾವ ಊರಿನದು. ನುಗ್ಗೆಗೆ ಶೇವಗಾ, ಕೆಸುವಿಗೆ ಅಳು ಅಂತ ಬರೆಯುತ್ತಾ ಮಕ್ಕಳು ಎರಡೂ ಭಾಷೆ ಕಲಿಯುತ್ತವೆ. ಅಂಗಡಿಯ ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ ಬೀಜವಾದರೆ ಅದನ್ನೂ ಬರೆಯಿರಿ. ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ, ತೆಗೆದುಕೊಂಡವರು ನಿಮ್ಮನ್ನು ಬೈಯುತ್ತಾರೆ. ಅವರೆ, ಟೊಮೆಟೊದಂಥವು ಹೆಚ್ಚಾಗಿ ತಮ್ಮ ಹೂವಿನೊಳಗೇ ಪರಾಗ ಮುಗಿಸುತ್ತವೆ, ಹೊಸಬರು ಅವುಗಳಿಂದ ಬೀಜ ಹಿಡಿಯಲು ಶುರು ಮಾಡಲಿ. ಕುಂಬಳ, ಸೋರೆಯಂಥವನ್ನು ಜೇನು ಬೆರೆಸಿಬಿಡುತ್ತದೆ.

ಹಳೆಯ ಬೀಜದ ಮೇಲೆ ಅನುಮಾನ ಇದ್ದರೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ ಏಳು ಮೊಳೆತರೆ ಹಂಚಬಹುದು, ನಾಲ್ಕೇ ಆದರೆ ನೀವೇ ದಟ್ಟವಾಗಿ ಬಿತ್ತಿ ಮುಗಿಸಿ.

ಊಟ

ಒಬ್ಬೊಬ್ಬರು ಒಂದೊಂದು ತರುವುದು. ಏನು ತರುತ್ತೀರಿ ಅಂತ ಮೊದಲೇ ಕೇಳದಿದ್ದರೆ ಐದು ಡಬ್ಬಿ ಚಿತ್ರಾನ್ನ ಬರುತ್ತದೆ, ಇದು ಅನುಭವದ ಮಾತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಕಾಕೂ ಮನೆಯ ಪಿಠಲ. ನಡುವೆ ಒಂಬತ್ತಕ್ಕೆ ಮಜ್ಜಿಗೆ. ಬಾಳೆ ಎಲೆ ಇಲ್ಲವೇ ಮನೆಯ ಸ್ಟೀಲ್ ತಟ್ಟೆ, ತೆಳು ಪ್ಲಾಸ್ಟಿಕ್ ಲೇಪದ ಪೇಪರ್ ತಟ್ಟೆ ಬೇಡ. ಉಂಡ ಎಲೆ ನೇರ ಗುಂಡಿಗೆ.

ಮುಯ್ಯಿ ಪುಸ್ತಕ

ಊಟ ಆದ ಮೇಲೆ, ಎಲ್ಲರೂ ಚಪ್ಪಲಿ ಹುಡುಕುವ ಮೊದಲು, ಒಂದು ನೋಟ್‌ಬುಕ್ ತೆರೆಯಿರಿ. ಮದುವೆ ಮನೆಯಲ್ಲಿ ಮುಯ್ಯಿ ಬರೆಸಿದ ಹಾಗೆ. ತಾರೀಖು, ಯಾರ ಹಿತ್ತಲು, ಯಾರು ಬಂದರು. ನಮ್ಮ ನಿಯಮ ಸರಳ: ಎರಡು ಬೆಳಿಗ್ಗೆ ದುಡಿದವರು ಒಂದು ಬೆಳಿಗ್ಗೆ ಕರೆಯಬಹುದು. ಮುಂದಿನ ಕೂಟ ಯಾರ ಮನೆಯಲ್ಲಿ, ಯಾವ ಕೆಲಸ ಅಂತ ಅಲ್ಲೇ ನಿಗದಿಯಾಗಬೇಕು. "ಆಮೇಲೆ ಗ್ರೂಪಿನಲ್ಲಿ ಹಾಕೋಣ" ಅಂದರೆ ಆ ಮಾತು ಅಲ್ಲಿಗೇ ಮುಗಿಯಿತು.

ತೊಡಕು ಬಂದದ್ದು ಫ್ಲ್ಯಾಟಿನವರ ವಿಷಯದಲ್ಲಿ. ನಮ್ಮ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇರುವುದು ಬಾಲ್ಕನಿ ಮಾತ್ರ. ಮೂರು ಸಲ ದುಡಿದ ಮೇಲೆ ವಾಕಡದಲ್ಲಿರುವ ಗೆಳತಿಯೊಬ್ಬಳು ನಗುತ್ತಲೇ ಕೇಳಿದಳು, "ನನ್ನ ಮುಯ್ಯಿ ಯಾವಾಗ ವಾಪಸ್ ಬರುತ್ತೆ?" ಸರಿಯಾದ ಪ್ರಶ್ನೆ. ಈಗ ಮೂರು ದಾರಿ ಮಾಡಿದ್ದೇವೆ. ನಾಲ್ಕು ಜನ ಅವರ ಮನೆಗೆ ಹೋಗಿ ಬಾಲ್ಕನಿಯ ಕುಂಡಗಳ ಮಣ್ಣು ಬದಲಿಸಿ ಕೊಡುವುದು. ಇಲ್ಲವೇ ಹಿತ್ತಲಿದ್ದವರು ವರ್ಷಕ್ಕೆ ಎರಡು ಚೀಲ ಕಾಂಪೋಸ್ಟ್ ಕೊಡುವುದು. ಅದೂ ಬೇಡವೆಂದರೆ ಹಿತ್ತಲಿನ ಒಂದು ಮಡಿ ಅವರ ಹೆಸರಿಗೆ, ಬಿತ್ತುವುದು, ಕೊಯ್ಯುವುದು ಅವರೇ, ನೀರು ನಮ್ಮದು. ವಾಕಡದ ಗೆಳತಿ ಮಡಿ ತೆಗೆದುಕೊಂಡಳು. ಮೆಂತೆ ಕೊಯ್ಯಲು ಬಂದಾಗಲೆಲ್ಲ ನಮ್ಮ ಬಾಳೆಗೂ ಎರಡು ಬಕೆಟ್ ಹಾಕಿ ಹೋಗುತ್ತಾಳೆ.

ಮೊದಲ ಮಳೆ

ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ ತೊಳೆದು ಬರುವ ಮೊದಲ ಮಳೆಯ ನೀರನ್ನು ಡ್ರಮ್ಮಿಗೆ ಹಿಡಿಯಬೇಡಿ, ಗುಂಡಿಗೆ ಬಿಡಿ. ಎರಡನೆಯದರಿಂದ ಡ್ರಮ್ಮು ತುಂಬಿಸಬಹುದು, ಆದರೆ ಬಾಯಿಗೆ ಬಿಗಿಯಾಗಿ ಬಲೆ ಕಟ್ಟಿ. ಡೆಂಗಿ ಸೊಳ್ಳೆಗೆ ಹೀಗೆ ನಿಂತ ಶುದ್ಧ ನೀರೆಂದರೆ ಇಷ್ಟ. ಅಡುಗೆಮನೆ ಸಿಂಕಿನ ನೀರನ್ನು ಗುಂಡಿಗೆ ಬಿಡುವ ಆಸೆ ಇದ್ದರೆ ಬಾಳೆ ಬೇರು ಹಿಡಿಯಲಿ, ಅಲ್ಲಿಯವರೆಗೆ ಬೇಡ. ಆಮೇಲೂ ಬ್ಲೀಚ್, ಫಿನೈಲ್ ಬೀಳದ ಹಾಗೆ ನೋಡಿಕೊಳ್ಳಿ.

ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹಿತ್ತಲಿಗೆ ಹೋಗಿ. ಕಾಗದದ ಮೇಲಿನ ಲೆಕ್ಕ ಸರಿಯೋ ತಪ್ಪೋ ಆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನೀರು ಒಳ ಬಾಯಿಯಿಂದ ಬರುತ್ತಿದೆಯೇ, ಬದುವನ್ನು ಕೊರೆಯುತ್ತಿದೆಯೇ, ತುಂಬಿದ ಮೇಲೆ ಹೊರ ಬಾಯಿಯಿಂದಲೇ ಹೋಗುತ್ತಿದೆಯೇ ನೋಡಿ. ಬೇರೆ ಕಡೆ ಒಡೆಯುತ್ತಿದ್ದರೆ ಅಲ್ಲಿಗೆ ಆಗಲೇ ಎರಡು ಘಮೇಲ ಮಣ್ಣು, ಮೇಲೊಂದು ಕಲ್ಲು. ಮಳೆ ನಿಂತ ಮರುದಿನವೂ ಗುಂಡಿಯಲ್ಲಿ ನೀರು ಕಾಣುತ್ತಿದ್ದರೆ ಹೊರ ಬಾಯಿಯನ್ನು ಇನ್ನೂ ಎರಡು ಇಂಚು ತಗ್ಗಿಸಿ. ನಮ್ಮದನ್ನು ಎರಡು ಸಲ ತಗ್ಗಿಸಬೇಕಾಯಿತು. ಎರಡನೇ ಸಲ ಸಲಿಕೆ ಹಿಡಿದು ನೆನೆಯುತ್ತಾ ನಿಂತಿದ್ದಾಗ ಕಾಂಪೌಂಡಿನ ಆಚೆಯಿಂದ ಕಾಕೂ ಕೂಗಿದರು, ಪೇರಲ ಗಿಡದ ಹತ್ತಿರ ನೀರು ಬಂತು ಅಂತ.